ಮಗುವಿನ ಮೊದಲ ಆಸ್ತಿ ಅದರ ಕಡತ

ಕೆಲವು ತಿಂಗಳ ಹಿಂದೆ ಪರಿಚಿತ ದಂಪತಿಯೊಬ್ಬರು ಮನೆಗೆ ಬಂದಿದ್ದರು. ಇಬ್ಬರೂ ವಿದ್ಯಾವಂತರು, ಒಳ್ಳೆಯ ಉದ್ಯೋಗದಲ್ಲಿರುವವರು. ಮದುವೆಯಾಗಿ ಹನ್ನೊಂದು ವರ್ಷಗಳಾಗಿವೆ. ಚಿಕಿತ್ಸೆಗಳಿಂದ ದಣಿದು, ಮಗುವೊಂದನ್ನು ದತ್ತು ಪಡೆಯುವ ನಿರ್ಧಾರಕ್ಕೆ ಬಂದಿದ್ದಾರೆ. ಹೆಸರು ನೋಂದಾಯಿಸಿ ಎರಡು ವರ್ಷ ಕಳೆದರೂ ಸರದಿ ಬಂದಿಲ್ಲ. ಹಾಗಿರುವಾಗ ಯಾರೋ ಮಧ್ಯವರ್ತಿ ನರ್ಸಿಂಗ್ ಹೋಂ ಒಂದರ ಹೆಸರು ಹೇಳಿದ್ದಾನೆ. ಹೆರಿಗೆಯಾದ ದಿನವೇ ಮಗು ಕೈಗೆ ಬರುತ್ತದೆ, ಜನನ ಪ್ರಮಾಣಪತ್ರವೂ ನೇರವಾಗಿ ಇವರ ಹೆಸರಿನಲ್ಲೇ ಸಿಗುತ್ತದೆ ಎಂಬುದು ಅವನ ಭರವಸೆ. ‘ಸರ್, ಹೆತ್ತವಳಿಗೆ ಬೇಡವಾದ ಮಗುವಿಗೆ ಒಂದು ಮನೆ ಸಿಗುತ್ತದೆ. ನಮಗೆ ಮಗು ಸಿಗುತ್ತದೆ. ಇದರಲ್ಲಿ ಯಾರಿಗೆ ಏನು ಅನ್ಯಾಯವಾಗುತ್ತದೆ?’ ಎಂದು ಅವರು ಕೇಳಿದರು.

ಆಡಳಿತ ಸೇವೆಯಲ್ಲಿ ಜೀವನ ಸವೆಸಿದವನ ಬಾಯಿಂದ ಮೊದಲು ಹೊರಟದ್ದು ಕಾನೂನಿನ ಕಲಮು. 2015ರ ಬಾಲನ್ಯಾಯ ಕಾಯ್ದೆಯ 80ನೇ ಕಲಮಿನ ಪ್ರಕಾರ, ನಿಗದಿತ ವಿಧಾನವನ್ನು ಅನುಸರಿಸದೆ ಅನಾಥ, ಪರಿತ್ಯಕ್ತ ಅಥವಾ ಒಪ್ಪಿಸಲಾದ ಮಗುವನ್ನು ದತ್ತು ಪಡೆಯುವುದು ಮೂರು ವರ್ಷಗಳವರೆಗಿನ ಸೆರೆವಾಸಕ್ಕೆ ಗುರಿಯಾಗುವ ಅಪರಾಧ. ಮಗುವಿನ ಮಾರಾಟ ಮತ್ತು ಖರೀದಿಗೆ 81ನೇ ಕಲಮು ಐದು ವರ್ಷಗಳವರೆಗಿನ ಕಠಿಣ ಶಿಕ್ಷೆ ವಿಧಿಸುತ್ತದೆ. ಮಗು ಯಾರ ವಶದಲ್ಲಿತ್ತೋ ಅವರೇ, ಆಸ್ಪತ್ರೆಯವರೂ ಸೇರಿದಂತೆ, ಈ ಕೃತ್ಯ ಎಸಗಿದರೆ ಶಿಕ್ಷೆ ಮೂರರಿಂದ ಏಳು ವರ್ಷ. ದಂಪತಿಯ ಮುಖ ಬಾಡಿತು. ನನ್ನ ಉತ್ತರ ಸರಿಯಾಗಿತ್ತು. ಆದರೆ ಅವರ ಪ್ರಶ್ನೆ ಶಿಕ್ಷೆಯ ಬಗೆಗಲ್ಲ, ಅನ್ಯಾಯದ ಬಗೆಗೆ ಇತ್ತು. ಅದಕ್ಕೆ ಅಂದು ನಾನು ತೃಪ್ತಿಕರವಾಗಿ ಉತ್ತರಿಸಲಿಲ್ಲ. ಅದೇ ಪ್ರಶ್ನೆ ನಗರದ ಇನ್ನೂ ಅನೇಕ ಮನೆಗಳಲ್ಲಿ ಪಿಸುಮಾತಿನಲ್ಲಿ ಏಳುತ್ತಿರುವುದರಿಂದ, ಉತ್ತರವನ್ನು ಬಹಿರಂಗವಾಗಿಯೇ ಹೇಳುವುದು ಒಳಿತೆನಿಸಿತು.

ದತ್ತು ನಮ್ಮ ನಾಡಿಗೆ ಹೊಸದಲ್ಲ. 1824ರಲ್ಲಿ ಕಿತ್ತೂರಿನ ದತ್ತುಪುತ್ರನನ್ನು ಮಾನ್ಯ ಮಾಡಲು ಕಂಪನಿಯ ಅಧಿಕಾರಿಗಳು ಒಪ್ಪದಿದ್ದುದೇ ರಾಣಿ ಚೆನ್ನಮ್ಮನ ಸಮರಕ್ಕೆ ಕಾರಣವಾಯಿತು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ಪಡೆದುದರಿಂದಲೇ 1881ರಲ್ಲಿ ಸಂಸ್ಥಾನ ಅರಸು ಮನೆತನಕ್ಕೆ ಮರಳಲು ಸಾಧ್ಯವಾಯಿತು. ಅರಮನೆಯಿಂದ ಹಿಡಿದು ಹಳ್ಳಿಯ ಗೌಡರ ಮನೆಯವರೆಗೆ ದತ್ತಿನ ಉದ್ದೇಶ ಒಂದೇ: ವಂಶ ಉಳಿಯಬೇಕು, ಆಸ್ತಿಗೆ ವಾರಸುದಾರ ಬೇಕು, ಪಿಂಡ ಇಡುವವನೊಬ್ಬ ಇರಬೇಕು. ಅಂಥ ದತ್ತಿನಲ್ಲಿ ಮಗುವಿನ ಇಚ್ಛೆಯನ್ನು ಕೇಳುವವರಿರಲಿಲ್ಲ. ಆದರೂ ಒಂದು ವಿಷಯ ಮಾತ್ರ ಅದಕ್ಕೆ ಖಾತ್ರಿಯಾಗಿತ್ತು. ದಾಯಾದಿಯ ಮಗನೋ ತಂಗಿಯ ಮಗನೋ ಆಗಿದ್ದ ಆ ಹುಡುಗನ ಮೂಲ ಊರಿಗೆಲ್ಲ ಗೊತ್ತಿರುತ್ತಿತ್ತು. ಅವನ ಚರಿತ್ರೆಯನ್ನು ಬರೆದಿಡುವ ಅಗತ್ಯವಿರಲಿಲ್ಲ. ಊರೇ ಅವನ ಕಡತವಾಗಿತ್ತು.

ತೊಟ್ಟಿಲಲ್ಲಿಯೋ ಬಸ್ ನಿಲ್ದಾಣದಲ್ಲಿಯೋ ಸಿಕ್ಕ ಮಗುವಿಗೆ ಅಂಥ ಊರಿಲ್ಲ. ಅದರ ದತ್ತಿಗೆ ಬಹುಕಾಲ ಸರಿಯಾದ ಕಾನೂನೂ ಇರಲಿಲ್ಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಹಿಂದೂಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಉಳಿದವರು 1890ರ ಪಾಲಕರು ಮತ್ತು ಪಾಲಿತರ ಕಾಯ್ದೆಯಡಿ ಮಗುವಿಗೆ ಪಾಲಕರಾಗಬಹುದಿತ್ತೇ ಹೊರತು ತಂದೆ ತಾಯಿ ಆಗುವಂತಿರಲಿಲ್ಲ. ಈ ನಿರ್ವಾತದಲ್ಲಿ ಖಾಸಗಿ ದತ್ತು ಸಂಸ್ಥೆಗಳು ಬೆಳೆದವು. ಅವುಗಳಲ್ಲಿ ಹಲವು ನಿಜವಾದ ಸೇವಾಸಂಸ್ಥೆಗಳು. ಸರ್ಕಾರಕ್ಕೆ ಈ ಮಕ್ಕಳ ನೆನಪೇ ಇಲ್ಲದಿದ್ದ ಕಾಲದಲ್ಲಿ ಅವು ಹಾಲು, ಔಷಧ, ಆಯಾ ಎಲ್ಲವನ್ನೂ ದಾನಿಗಳಿಂದ ಬೇಡಿ ತಂದು ಮಕ್ಕಳನ್ನು ಉಳಿಸಿದವು. ಆದರೆ ಮಗುವನ್ನು ಯಾರಿಗೆ ಕೊಡಬೇಕೆಂಬ ಅಧಿಕಾರ ಮತ್ತು ದೇಣಿಗೆ ಪಡೆಯುವ ಅಧಿಕಾರ ಎರಡೂ ಒಂದೇ ಮೇಜಿನ ಮೇಲಿದ್ದರೆ ಏನಾಗಬಹುದೆಂದು ಊಹಿಸಲು ಅರ್ಥಶಾಸ್ತ್ರದ ಪದವಿ ಬೇಕಿಲ್ಲ. ವಿದೇಶಿ ದತ್ತಿನಲ್ಲಿ ನಡೆಯುತ್ತಿದ್ದ ಅಕ್ರಮಗಳ ಕುರಿತು ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು 1982ರಲ್ಲಿ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟ್ ಅರ್ಜಿಯೆಂದು ಪರಿಗಣಿಸಿತು. ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರು 1984ರಲ್ಲಿ ನೀಡಿದ ತೀರ್ಪು ಈ ಕ್ಷೇತ್ರಕ್ಕೆ ಮೊದಲ ಬಾರಿಗೆ ಶಿಸ್ತು ತಂದಿತು. 1990ರಲ್ಲಿ ಕೇಂದ್ರೀಯ ದತ್ತು ಸಂಸ್ಥೆ ‘ಕಾರಾ’ ಹುಟ್ಟಿಕೊಂಡಿತು. ಇಷ್ಟಾದರೂ ಆಂಧ್ರಪ್ರದೇಶದಲ್ಲಿ 1999 ಮತ್ತು 2001ರಲ್ಲಿ ಲಂಬಾಣಿ ತಾಂಡಾಗಳ ಬಡ ತಾಯಂದಿರಿಂದ ಹೆಣ್ಣು ಶಿಶುಗಳನ್ನು ಅಲ್ಪ ಹಣ ಕೊಟ್ಟು ತಂದು ದತ್ತಿಗೆ ಕಳುಹಿಸುತ್ತಿದ್ದ ಜಾಲಗಳು ಬಯಲಾದವು.

ಈ ಹಿನ್ನೆಲೆಯಲ್ಲಿ 2015ರ ಬದಲಾವಣೆಯನ್ನು ನೋಡಬೇಕು. ಅದಕ್ಕೆ ಮೊದಲು ದಂಪತಿ ತಮಗೆ ಗೊತ್ತಿದ್ದ ಸಂಸ್ಥೆಯ ಬಾಗಿಲು ತಟ್ಟಬೇಕಿತ್ತು. ಸಂಸ್ಥೆ ಮಕ್ಕಳನ್ನು ತೋರಿಸುತ್ತಿತ್ತು. ಆ ವರ್ಷದ ಆಗಸ್ಟ್‌ನಿಂದ ಇಡೀ ದೇಶಕ್ಕೆ ಒಂದೇ ಗಣಕೀಕೃತ ಸರದಿ ಜಾರಿಗೆ ಬಂತು. ಈಗ ಮಗುವನ್ನು ಸೂಚಿಸುವುದು ಸಂಸ್ಥೆಯಲ್ಲ, ಸರದಿ. ಸೂಚನೆ ಬಂದ 48 ಗಂಟೆಗಳಲ್ಲಿ ದಂಪತಿ ತಮ್ಮ ಒಪ್ಪಿಗೆ ತಿಳಿಸಬೇಕು. ಶುಲ್ಕವೂ ನಿಗದಿಯಾಗಿದೆ. 2017ರ ನಿಯಮಾವಳಿ ಗೃಹ ಅಧ್ಯಯನಕ್ಕೆ 6,000 ರೂಪಾಯಿ, ಸಂಸ್ಥೆಯ ಶಿಶುಪಾಲನಾ ನಿಧಿಗೆ 40,000 ರೂಪಾಯಿ ಗೊತ್ತುಪಡಿಸಿತ್ತು. 2022ರಲ್ಲಿ ನಿಧಿಯ ಮೊತ್ತವನ್ನು 50,000ಕ್ಕೆ ಏರಿಸಲಾಯಿತು. ಇದಕ್ಕಿಂತ ಹೆಚ್ಚು ಕೇಳುವ ಸಂಸ್ಥೆ ಕಾನೂನು ಮುರಿಯುತ್ತಿದೆ ಎಂದೇ ತಿಳಿಯಬೇಕು. ಧರ್ಮದ ಅಡ್ಡಿಯೂ ನಿವಾರಣೆಯಾಗಿದೆ. ಯಾವ ಧರ್ಮದವರೇ ಆಗಲಿ ಬಾಲನ್ಯಾಯ ಕಾಯ್ದೆಯಡಿ ಮಗುವನ್ನು ದತ್ತು ಪಡೆಯಬಹುದೆಂದು ಶಬನಂ ಹಶ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲೇ ಸ್ಪಷ್ಟಪಡಿಸಿದೆ.

ಹಾಗಾದರೆ ಖಾಸಗಿ ಸಂಸ್ಥೆಯ ಕೆಲಸ ಮುಗಿಯಿತೇ? ಇಲ್ಲ. ಅದರ ನಿಜವಾದ ಕೆಲಸ ಈಗ ಎದ್ದು ಕಾಣುತ್ತಿದೆ. ಇಂದಿಗೂ ಸರ್ಕಾರದ ಮಾನ್ಯತೆ ಪಡೆದ ವಿಶೇಷ ದತ್ತು ಸಂಸ್ಥೆಗಳಲ್ಲಿ ಸ್ವಯಂಸೇವಾ ಸಂಸ್ಥೆಗಳು ನಡೆಸುವಂಥವು ಬಹಳಷ್ಟಿವೆ. ಮಗು ಬಂದ ಕೂಡಲೇ ಅವು ಅದನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ತಾಯಿ ತಾನಾಗಿ ಒಪ್ಪಿಸಿದ್ದರೆ ಮನಸ್ಸು ಬದಲಿಸಲು ಆಕೆಗೆ 60 ದಿನಗಳ ಅವಕಾಶವಿದೆ. ಮಗು ಎಲ್ಲೋ ಸಿಕ್ಕಿದ್ದಾದರೆ ಹೆತ್ತವರ ಶೋಧ ನಡೆಯಬೇಕು. ಪತ್ರಿಕೆಗಳ ಒಳಪುಟದಲ್ಲಿ ಆಗಾಗ ಅಂಚೆಚೀಟಿ ಗಾತ್ರದ ಶಿಶುವಿನ ಚಿತ್ರ, ಕೆಳಗೆ ಎರಡು ಸಾಲು ಒಕ್ಕಣೆ ಪ್ರಕಟವಾಗುವುದನ್ನು ಓದುಗರು ಗಮನಿಸಿರಬಹುದು. ಟೆಂಡರ್ ಪ್ರಕಟಣೆಗಳ ನಡುವೆ ನಾವು ದಾಟಿಹೋಗುವ ಆ ಚಿತ್ರ ಈ ಶೋಧದ ಭಾಗ. ಎರಡು ವರ್ಷದೊಳಗಿನ ಮಗುವಾದರೆ ಎರಡು ತಿಂಗಳಲ್ಲಿ, ಅದಕ್ಕಿಂತ ದೊಡ್ಡದಾದರೆ ನಾಲ್ಕು ತಿಂಗಳಲ್ಲಿ ಅದು ದತ್ತಿಗೆ ಕಾನೂನುಬದ್ಧವಾಗಿ ಮುಕ್ತವೇ ಎಂಬುದನ್ನು ಸಮಿತಿ ಘೋಷಿಸಬೇಕು. ಈ ಅವಧಿಯುದ್ದಕ್ಕೂ ಸಂಸ್ಥೆ ಮಗುವನ್ನು ಸಾಕುತ್ತದೆ. ಜೊತೆಗೆ ಒಂದು ಕಡತವನ್ನು ತೆರೆದು ಕಾಪಾಡುತ್ತದೆ.

ಈ ಕಡತದ ಬೆಲೆ ನನಗೆ ತಿಳಿದದ್ದು ಎರಡು ಕುಟುಂಬಗಳಿಂದ. ಹಲವು ವರ್ಷಗಳ ಹಿಂದೆ ನಮ್ಮ ಪಕ್ಕದ ಸರ್ಕಾರಿ ವಸತಿಗೃಹದಲ್ಲಿದ್ದ ಸಹೋದ್ಯೋಗಿಯೊಬ್ಬರು ನರ್ಸಿಂಗ್ ಹೋಂ ಒಂದರಿಂದ ಹೆಣ್ಣುಮಗುವನ್ನು ತಂದರು. ದಾಖಲೆಯಲ್ಲಿ ಅವರ ಪತ್ನಿಯೇ ಹೆತ್ತಂತೆ ಬರೆಸಲಾಯಿತು. ಮಗು ಮುದ್ದಾಗಿ ಬೆಳೆಯಿತು. ಓದಿತು, ಉದ್ಯೋಗ ಹಿಡಿಯಿತು. ಮದುವೆಯಾಗಿ ಗರ್ಭಿಣಿಯಾದಾಗ ವೈದ್ಯರು ವಂಶದ ಕಾಯಿಲೆಗಳ ವಿವರ ಕೇಳಿದರು. ಆಗ ತಂದೆ ತಾಯಿ ಸತ್ಯ ಹೇಳಲೇಬೇಕಾಯಿತು. ದತ್ತುಮಗಳೆಂಬ ಸಂಗತಿ ಆಕೆಯನ್ನು ಅಷ್ಟಾಗಿ ಕಲಕಲಿಲ್ಲ. ಆಕೆ ಕೇಳಿದ್ದು ಒಂದೇ ಪ್ರಶ್ನೆ: ‘ಹೆತ್ತವಳು ನನ್ನನ್ನು ಕೊಟ್ಟಳೋ, ಅಥವಾ ಅವಳಿಂದ ಕಿತ್ತುಕೊಂಡರೋ?’ ತಂದೆಗೆ ಉತ್ತರ ಗೊತ್ತಿರಲಿಲ್ಲ. ಅಂದು ಕೇಳಿಯೂ ಇರಲಿಲ್ಲ. ನರ್ಸಿಂಗ್ ಹೋಂ ಮುಚ್ಚಿಹೋಗಿತ್ತು, ವೈದ್ಯರು ತೀರಿಹೋಗಿದ್ದರು. ಇದ್ದ ಒಂದೇ ದಾಖಲೆ ಜನನ ಪ್ರಮಾಣಪತ್ರ. ಅದೂ ಸುಳ್ಳು.

ಹೆಚ್ಚುಕಡಿಮೆ ಅದೇ ಕಾಲದಲ್ಲಿ ನಮ್ಮ ಬಂಧುವೊಬ್ಬರು ಮಾನ್ಯತೆ ಪಡೆದ ಖಾಸಗಿ ಸಂಸ್ಥೆಯೊಂದರ ಮೂಲಕ ಮಗುವನ್ನು ಪಡೆದರು. ಎರಡು ಬಾರಿ ಮನೆಗೆ ಬಂದು ಸಂಬಳದ ಚೀಟಿಯಿಂದ ಹಿಡಿದು ಅಜ್ಜಿಯ ಅಭಿಪ್ರಾಯದವರೆಗೆ ಎಲ್ಲವನ್ನೂ ವಿಚಾರಿಸಿದ ಸಮಾಜ ಕಾರ್ಯಕರ್ತೆಯ ಮೇಲೆ ಅಂದು ಅವರು ಸಿಟ್ಟಾಗಿದ್ದರು. ಆ ಮಗಳು ಇಪ್ಪತ್ತೊಂದು ತುಂಬಿದಾಗ ಸಂಸ್ಥೆಗೆ ಹೋಗಿ ತನ್ನ ಕಡತ ನೋಡಬೇಕೆಂದಳು. ತಾಯಿಯ ಹೆಸರನ್ನು ಅವರು ಬಹಿರಂಗಪಡಿಸಲಿಲ್ಲ, ಪಡಿಸುವಂತೆಯೂ ಇರಲಿಲ್ಲ. ಆದರೆ ತಾಯಿ ತಾನೇ ಬಂದು ಒಪ್ಪಿಸಿದ್ದು, ಒಮ್ಮೆ ಹಿಂತಿರುಗಿ ಬಂದು ಮಗುವನ್ನು ನೋಡಿ ಹೋದದ್ದು, ಬಂದಾಗ ಇದ್ದ ತೂಕ, ಹಾಕಿದ ಚುಚ್ಚುಮದ್ದುಗಳು ಎಲ್ಲವೂ ಅದರಲ್ಲಿದ್ದವು. ‘ಮಗು ಈ ದಿನ ಮೊದಲ ಬಾರಿಗೆ ಬೋರಲು ಬಿದ್ದಿತು’ ಎಂದು ಯಾರೋ ಆಯಾ ದಿನಚರಿಯ ಹಾಳೆಯಲ್ಲಿ ವಕ್ರವಾದ ಅಕ್ಷರಗಳಲ್ಲಿ ಬರೆದಿದ್ದಳು. ಹುಡುಗಿ ಆ ಹಾಳೆಯೊಂದರ ನೆರಳಚ್ಚು ಪ್ರತಿಯನ್ನು ಮಾತ್ರ ಕೇಳಿ ಪಡೆದಳು.

ಸೇವೆಯಲ್ಲಿದ್ದಷ್ಟು ಕಾಲವೂ ಕಡತಗಳನ್ನು ಶಪಿಸಿದವನು ನಾನು. ಆದರೆ ಹುಟ್ಟಿದ ಮನೆಯನ್ನು ಕಳೆದುಕೊಂಡ ಮಗುವಿಗೆ ಅದರ ಕಡತವೇ ಮೊದಲ ಆಸ್ತಿ ಎಂಬುದು ಆ ದಿನ ಅರ್ಥವಾಯಿತು. ನನ್ನ ಬಳಿ ಬಂದ ದಂಪತಿಗೆ ನಾನು ಹೇಳಬೇಕಿದ್ದ ಉತ್ತರವೂ ಇದೇ. ಅನ್ಯಾಯವಾಗುವುದು ಮಗುವಿಗೆ. ತಾಯಿಯ ಒಪ್ಪಿಗೆ ನಿಜವಾದುದೇ ಎಂದು ಕೇಳುವವರಿಲ್ಲದ ಕಡೆ ಮಗುವನ್ನು ಪಡೆದರೆ ನಾವು ಅದರ ಚರಿತ್ರೆಯನ್ನೇ ಅಳಿಸಿಹಾಕುತ್ತೇವೆ. ಆ ತಾಯಿಗೂ ಅನ್ಯಾಯವಾಗುತ್ತದೆ. ಕಾನೂನು ಅವಳಿಗೆ ಕೊಟ್ಟ 60 ದಿನಗಳನ್ನು ಮಧ್ಯವರ್ತಿ ಕೊಡುವುದಿಲ್ಲ. ಬೆಂಗಳೂರಿನಲ್ಲಿ 2023ರ ನವೆಂಬರ್‌ನಲ್ಲಿ ಕೇಂದ್ರ ಅಪರಾಧ ವಿಭಾಗದ ಪೊಲೀಸರು ಭೇದಿಸಿದ ಶಿಶು ಮಾರಾಟ ಜಾಲದಲ್ಲಿ ಒಂದೊಂದು ಮಗುವಿಗೆ ಲಕ್ಷಗಟ್ಟಲೆ ರೂಪಾಯಿಗಳ ವ್ಯವಹಾರ ನಡೆದಿತ್ತು. ಬೇಡಿಕೆ ಇಲ್ಲದೆ ಅಂಥ ಬೆಲೆ ಹುಟ್ಟುವುದಿಲ್ಲ. ಆ ಬೇಡಿಕೆ ಹುಟ್ಟುವುದು ನಮ್ಮಂಥ ಗೌರವಾನ್ವಿತರ ಮನೆಗಳಲ್ಲೇ. ನವಜಾತ ಶಿಶುವಿನ ಕಳ್ಳಸಾಗಣೆ ನಡೆದ ಆಸ್ಪತ್ರೆಯ ಪರವಾನಗಿಯನ್ನು ಅಮಾನತುಗೊಳಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಹೇಳಿದೆ. ಸ್ವಾಗತಾರ್ಹವಾದ ಆದೇಶ. ಆದರೆ ಮಾರುವವನನ್ನು ಹಿಡಿದಷ್ಟೇ ಶ್ರದ್ಧೆಯಿಂದ ಕೊಳ್ಳುವವರ ಅಸಹನೆಯ ಮೂಲವನ್ನೂ ಹುಡುಕಬೇಕಾಗುತ್ತದೆ.

ಆ ಅಸಹನೆಗೆ ಕಾರಣಗಳಿಲ್ಲದಿಲ್ಲ. ಸಂಸತ್ತಿನ ಸ್ಥಾಯಿ ಸಮಿತಿಯೊಂದು 2022ರ ಆಗಸ್ಟ್‌ನಲ್ಲಿ ಮಂಡಿಸಿದ ವರದಿಯ ಅಂಕಿಗಳನ್ನು ನೋಡಿ. 2021ರ ಡಿಸೆಂಬರ್‌ನಲ್ಲಿ ದತ್ತಿಗಾಗಿ ನೋಂದಾಯಿಸಿ ಕಾಯುತ್ತಿದ್ದವರು 27,939 ಮಂದಿ. ಪಾಲನಾ ಸಂಸ್ಥೆಗಳಲ್ಲಿ ದತ್ತು ನೀಡಬಹುದಾಗಿದ್ದ ಮಕ್ಕಳು 6,996. ಅವರಲ್ಲಿ ಮಕ್ಕಳ ಕಲ್ಯಾಣ ಸಮಿತಿಗಳು ಮುಕ್ತವೆಂದು ಘೋಷಿಸಿದ್ದವರು 2,430 ಮಾತ್ರ. ಕಾಯುವ ಅವಧಿ ಐದು ವರ್ಷಗಳಲ್ಲಿ ಒಂದು ವರ್ಷದಿಂದ ಮೂರಕ್ಕೆ ಏರಿತ್ತು. 2010ರಲ್ಲಿ ದೇಶದೊಳಗೆ 5,693 ಮಕ್ಕಳು ದತ್ತು ಹೋಗಿದ್ದರು. 2021–22ರ ವೇಳೆಗೆ ಅದು 2,991ಕ್ಕೆ ಕುಸಿದಿತ್ತು. 2024–25ರಲ್ಲಿ ವಿದೇಶಿ ದತ್ತೂ ಸೇರಿ 4,515ಕ್ಕೆ ಚೇತರಿಸಿಕೊಂಡಿರುವುದು ಸಮಾಧಾನದ ಸಂಗತಿ.

ಬೆಲೆ ಕಟ್ಟಬಾರದ ವಸ್ತುವಿಗೆ ಕೊರತೆಯಿದ್ದರೆ ಸರದಿ ಅನಿವಾರ್ಯ ಎಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಮಕ್ಕಳ ವಿಷಯದಲ್ಲಿ ಬೆಲೆ ಇರಕೂಡದು. ಆದ್ದರಿಂದ ತಂದೆ ತಾಯಿ ಆಗಬಯಸುವವರ ಸರದಿ ನೋವಿನದಾದರೂ ನ್ಯಾಯವಾದದ್ದು. ಆದರೆ ಮೇಲಿನ ಅಂಕಿಗಳಲ್ಲಿ ಎರಡನೆಯದೊಂದು ಸರದಿಯಿದೆ. ಅದು ಘೋಷಣೆಗಾಗಿ ಕಾಯುತ್ತಿದ್ದ ನಾಲ್ಕೂವರೆ ಸಾವಿರ ಮಕ್ಕಳದು. ಇದರಲ್ಲಿ ನ್ಯಾಯದ ಲವಲೇಶವೂ ಇಲ್ಲ. ಪೊಲೀಸ್ ಠಾಣೆಯಿಂದ ‘ಹೆತ್ತವರು ಪತ್ತೆಯಾಗಿಲ್ಲ’ ಎಂಬ ವರದಿ ಬಂದಿಲ್ಲ, ಸಮಿತಿಯಲ್ಲಿ ಸದಸ್ಯರ ನೇಮಕವಾಗಿಲ್ಲ, ಅನಾಥಾಲಯಕ್ಕೂ ದತ್ತು ಸಂಸ್ಥೆಗೂ ಸಂಪರ್ಕವೇ ಇಲ್ಲ. ಇಂಥ ಕಾರಣಗಳಿಗೆ ಮಗು ಒಂದು ವರ್ಷ ದೊಡ್ಡದಾಗುತ್ತದೆ. ಎರಡು ವರ್ಷದೊಳಗಿನ ಶಿಶುವಿಗೆ ಹಾತೊರೆಯುವವರಿದ್ದಾರೆ. ಅದೇ ಮಗು ಏಳು ತಲುಪಿದರೆ ಕೇಳುವವರು ವಿರಳ. ಕಚೇರಿಯ ಒಂದೊಂದು ವಿಳಂಬವೂ ಮಗುವಿನ ಪಾಲಿನ ಮನೆಯನ್ನು ದೂರ ತಳ್ಳುತ್ತದೆ.

ಹಾಗಾಗಿ ಸರ್ಕಾರ ಮಾಡಬೇಕಾದ ಕೆಲಸಗಳು ಸ್ಪಷ್ಟವಾಗಿವೆ. ಮೊದಲನೆಯದು, ಎಲ್ಲ ಪಾಲನಾ ಸಂಸ್ಥೆಗಳಲ್ಲಿರುವ ಪ್ರತಿಯೊಂದು ಮಗುವಿನ ಸ್ಥಿತಿಯನ್ನು ಜಿಲ್ಲಾಧಿಕಾರಿ ನಿಯತವಾಗಿ ಪರಿಶೀಲಿಸಬೇಕು. ಮಕ್ಕಳನ್ನು ಬಿಟ್ಟುಹೋಗಿ ಮತ್ತೆ ನೋಡಲು ಬಾರದ ಹೆತ್ತವರ ಪ್ರಕರಣಗಳನ್ನು ಗುರುತಿಸುವ ಕಾರ್ಯ ಇತ್ತೀಚಿನ ವರ್ಷಗಳಲ್ಲಿ ಆರಂಭವಾಗಿದೆ. ಬಡತನದಿಂದ ಬಿಟ್ಟುಹೋದವರಿಗೂ ತ್ಯಜಿಸಿದವರಿಗೂ ಇರುವ ವ್ಯತ್ಯಾಸವನ್ನು ಎಚ್ಚರದಿಂದ ಅರಿತೇ ಅದನ್ನು ಮುಂದುವರಿಸಬೇಕು. ಸರದಿಯನ್ನು ತಗ್ಗಿಸುವ ಆತುರದಲ್ಲಿ ಬಡವರ ಮಕ್ಕಳನ್ನು ಅನಾಥರನ್ನಾಗಿಸುವ ಅಪಾಯವೂ ಇದೆ.

ಎರಡನೆಯದು, 2021ರ ತಿದ್ದುಪಡಿಯಿಂದ ದತ್ತು ಆದೇಶ ಹೊರಡಿಸುವ ಅಧಿಕಾರ ನ್ಯಾಯಾಲಯದಿಂದ ಜಿಲ್ಲಾಧಿಕಾರಿಗೆ ಬಂದಿದೆ. ಅದು 2022ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಎರಡು ತಿಂಗಳೊಳಗೆ ಆದೇಶವಾಗಬೇಕೆಂದು ಕಾನೂನು ಹೇಳುತ್ತದೆ. ಆ ಕುರ್ಚಿಯಲ್ಲಿ ಕುಳಿತಿದ್ದವನಾಗಿ ನಾನು ಬಲ್ಲೆ: ಬರ, ಪ್ರವಾಹ, ಚುನಾವಣೆ, ಸಚಿವರ ಪ್ರವಾಸಗಳ ನಡುವೆ ಒಂದು ಶಿಶುವಿನ ಕಡತ ಕೆಳಗೆ ಸರಿಯುವುದು ಬಹಳ ಸುಲಭ. ವಾರದಲ್ಲಿ ಒಂದು ಗಂಟೆಯನ್ನು ಇದಕ್ಕೆಂದೇ ಮೀಸಲಿಡುವುದು ಅಸಾಧ್ಯವಲ್ಲ. ಸಹಿ ಹಾಕುವ ಮುನ್ನ ಓದುವ ವ್ಯವಧಾನವೂ ಬೇಕು. ನ್ಯಾಯಾಧೀಶರು ಕೇಳುತ್ತಿದ್ದ ಪ್ರಶ್ನೆಗಳನ್ನು ಜಿಲ್ಲಾಧಿಕಾರಿಯೂ ಕೇಳದಿದ್ದರೆ ಈ ಬದಲಾವಣೆಯಿಂದ ವೇಗ ಸಿಗಬಹುದು, ರಕ್ಷಣೆ ಸಿಗದು.

ಮೂರನೆಯದು ಖಾಸಗಿ ಸಂಸ್ಥೆಗಳ ಕುರಿತದ್ದು. ಹಗರಣಗಳ ನೆನಪಿನಿಂದ ಅವುಗಳನ್ನೆಲ್ಲ ಅನುಮಾನದಿಂದ ಕಾಣುವ ಪ್ರವೃತ್ತಿ ಇಲಾಖೆಗಳಲ್ಲಿದೆ. ಆಯ್ಕೆಯ ಅಧಿಕಾರವನ್ನು ಅವುಗಳಿಂದ ಹಿಂಪಡೆದದ್ದು ಸರಿ. ಆದರೆ ಅಧಿಕಾರದ ಜೊತೆಗೆ ಅನುದಾನವನ್ನೂ ಗೌರವವನ್ನೂ ಹಿಂಪಡೆದರೆ ಒಳ್ಳೆಯ ಸಂಸ್ಥೆಗಳು ಬಾಗಿಲು ಮುಚ್ಚುತ್ತವೆ. ಅನುದಾನ ಕಾಲಕ್ಕೆ ಸರಿಯಾಗಿ ಸಿಗಲಿ, ತಪಾಸಣೆ ಮುನ್ಸೂಚನೆಯಿಲ್ಲದೆ ನಡೆಯಲಿ. ಸಂಸ್ಥೆಯೊಂದು ಮುಚ್ಚಿದಾಗ ಅದರ ಹಳೆಯ ಕಡತಗಳನ್ನು ರಾಜ್ಯ ಸರ್ಕಾರ ತನ್ನ ಸುಪರ್ದಿಗೆ ಪಡೆದು ಶಾಶ್ವತವಾಗಿ ಕಾಪಾಡಲಿ. 18 ತುಂಬಿದ ದತ್ತುಮಕ್ಕಳು ತಮ್ಮ ಮೂಲದ ಶೋಧಕ್ಕೆ ತಾವೇ ಅರ್ಜಿ ಸಲ್ಲಿಸಬಹುದೆಂದು ನಿಯಮಗಳು ಹೇಳುತ್ತವೆ. ಗೆದ್ದಲು ಹಿಡಿದ ಕಪಾಟಿನ ಮುಂದೆ ಆ ಹಕ್ಕಿಗೆ ಅರ್ಥವಿಲ್ಲ.

ಉಳಿದದ್ದು ಸರದಿಯಲ್ಲಿರುವವರ ಪಾಲಿನ ಕೆಲಸ. ಬಣ್ಣ, ಲಕ್ಷಣ, ತೀರಾ ಎಳೆಯ ಶಿಶುವೇ ಆಗಬೇಕೆಂಬ ಹಟ, ‘ಯಾರ ಮಗುವೋ ಏನೋ’ ಎಂಬ ಹಿರಿಯರ ಅನುಮಾನ ಇವನ್ನೆಲ್ಲ ಕಾಯುವ ಅವಧಿಯಲ್ಲೇ ಮನೆಯೊಳಗೆ ಮಾತಾಡಿ ಮುಗಿಸಿಕೊಳ್ಳಬಹುದು. ಸ್ವಲ್ಪ ದೊಡ್ಡ ಮಗುವಿಗೆ, ಚಿಕಿತ್ಸೆಯಿಂದ ಸರಿಹೋಗಬಹುದಾದ ತೊಂದರೆಯಿರುವ ಮಗುವಿಗೆ ಮನಸ್ಸು ತೆರೆದವರಿಗೆ ಸರದಿ ಅಷ್ಟು ಉದ್ದವಿಲ್ಲ. ನಾವು ಬೇಡವೆಂದ ಅಂಥ ಎಷ್ಟೋ ಮಕ್ಕಳನ್ನು ಹೊರದೇಶಗಳ ಕುಟುಂಬಗಳು ಬಂದು ಅಪ್ಪಿಕೊಂಡು ಹೋಗುತ್ತಿವೆ.

ಆ ದಂಪತಿಯನ್ನು ಮತ್ತೊಮ್ಮೆ ಮನೆಗೆ ಕರೆದು ಇದನ್ನೆಲ್ಲ ಹೇಳಿದೆ. ಪಕ್ಕದ ಮನೆಯ ಆ ಮಗಳು ಕೇಳಿದ ಪ್ರಶ್ನೆಯನ್ನೂ ಹೇಳಿದೆ. ಪತ್ನಿ ಬಹಳ ಹೊತ್ತು ಮಾತಾಡಲಿಲ್ಲ. ಹೊರಡುವಾಗ, ‘ನಾಳೆ ನಮ್ಮ ಮಗು ಹಾಗೆ ಕೇಳಿದರೆ ಉತ್ತರ ಇರಬೇಕಲ್ಲ, ಕಾಯುತ್ತೇವೆ’ ಎಂದರು. ಅವರು ಕಾಯುತ್ತಿದ್ದಾರೆ. ಯಾವುದೋ ಪಾಲನಾ ಸಂಸ್ಥೆಯಲ್ಲಿ, ಯಾವುದೋ ಒಂದು ವರದಿ ಬಾರದ ಕಾರಣಕ್ಕೆ, ಒಂದು ಮಗುವೂ ಕಾಯುತ್ತಿದೆ. ಅವರು ತಮ್ಮ ಮಾತು ಉಳಿಸಿಕೊಂಡಿದ್ದಾರೆ. ಆ ವರದಿಯನ್ನು ಬರೆಯಬೇಕಾದವರು ಇನ್ನಾದರೂ ಲೇಖನಿ ಎತ್ತಿಕೊಳ್ಳಲಿ.